ತಂಗಿಯ ಎಂಜಲೇ ಬೇಕು

ನೆಬಾಹ್ ಪೇಟೆಯ ಮೇಲಿನ ಬೆಟ್ಟದ ನಮ್ಮ ಹಳ್ಳಿಯಲ್ಲಿ, ಯುದ್ಧದ ಕಾಲದಲ್ಲಿ ಸೈನಿಕರು ಎಳೆದೊಯ್ದ ಗಂಡನನ್ನು ಎಲ್ಲಿ ಹೂತರೆಂದು ಗೊತ್ತಿಲ್ಲದ ಹೆಂಗಸರು ಇನ್ನೂ ಹದಿನೇಳು ಮಂದಿ ಇದ್ದಾರೆ. ಜಸಿಂತಾ ಅವರಲ್ಲೊಬ್ಬಳು. ಸತ್ತವರ ಹಬ್ಬದ ದಿನ ಅವಳು ಚೆಂಡುಹೂವನ್ನು ಯಾರದೋ ಗೋರಿಯ ಮೇಲೆ ಇಟ್ಟು ಬರುತ್ತಾಳೆ.

ಕಳೆದ ವರ್ಷ ಹಳೆಯ ಸೈನಿಕ ಠಾಣೆಯ ಹಿತ್ತಲನ್ನು ಅಗೆದಾಗ ಮೂಳೆಗಳು ಸಿಕ್ಕವು. ಆರೋಗ್ಯ ಕೇಂದ್ರದಲ್ಲಿ ಬಾಯಿಯ ಎಂಜಲು ಕೊಟ್ಟರೆ ತಜ್ಞರು ಮೂಳೆಯ ಜೊತೆ ಹೋಲಿಸಿ ಯಾರೆಂದು ಹೇಳುತ್ತಾರೆ ಎಂದು, ಕಾಣೆಯಾದವರ ಮನೆಯವರ ಕಾಗದಪತ್ರ ನೋಡಿಕೊಳ್ಳುವ ನಾನೇ ಜಸಿಂತಾಗೆ ಹೇಳಿದೆ. ಅವಳು ಕೊಟ್ಟಳು. ಎಂಟು ತಿಂಗಳು ಕಾದಳು. ಆಮೇಲೆ ತಿಳಿಯಿತು, ಹೆಂಡತಿಯದು ಬೇರೆ ರಕ್ತ, ಹೋಲಿಸಲು ಬರುವುದಿಲ್ಲ. ಅವಳಿಗೆ ಮಕ್ಕಳಿಲ್ಲ. ಗಂಡ ಬಲ್ತಸಾರನ ರಕ್ತದವರೆಂದು ಉಳಿದಿರುವುದು ಅವನ ತಂಗಿ ಮಗ್ದಲೇನಾ ಒಬ್ಬಳೇ. ಸರಿಯಾಗಿ ವಿಚಾರಿಸದೆ ಹೇಳಿದ್ದು ನನ್ನ ತಪ್ಪು. ಹಾಗಾಗಿ ಜಸಿಂತಾಳ ಜೊತೆ ನಾನೂ ಹೋದೆ.

ಮಗ್ದಲೇನಾ ಅಂಗಳದಲ್ಲಿ ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯುತ್ತಿದ್ದಳು.

"ಬಂದ್ಲು ನೋಡು ಕಾಗದದವಳು!" ಎಂದಳು ನನ್ನನ್ನು ಕಂಡು. "ಅತ್ತಿಗೆ, ಇವಳ ಮಾತು ಕೇಳಿ ಒಂದ್ಸಲ ಉಗಿದು ಬಂದಿದ್ದು ಸಾಲ್ದಾ?"

"ಸಾಲ್ದು. ಈಗ ನೀನು ಉಗೀಬೇಕು," ಎಂದಳು ಜಸಿಂತಾ. "ಮಗ್ಗ ಕಟ್ಕೊಂಡಿದ್ದೀಯ, ಎದ್ದು ಓಡೋಕಾಗಲ್ಲ. ಕೂತು ಕೇಳು."

ಮಗ್ದಲೇನಾ ನಕ್ಕಳು. ಆಮೇಲೆ ಕೇಳಿದಳು, "ಹೆಸರು ಬರ್ಕೋತಾರಾ?"

"ಬರ್ಕೋತಾರೆ," ಎಂದೆ.

"ಹಂಗಾದ್ರೆ ನಾನು ಬರಲ್ಲ. ಎಂಬತ್ತೆರಡರಲ್ಲಿ ಸೈನಿಕರು ಇಗರ್ಜಿ ಮುಂದೆ ಎಲ್ರನ್ನೂ ನಿಲ್ಸಿ ಪಟ್ಟಿ ಓದಿದ್ರಲ್ಲ, ಅದಕ್ಕೆ ಅಣ್ಣನ ಹೆಸರು ಕೊಟ್ಟಿದ್ದು ಯಾರು ಗೊತ್ತಾ? ನಾನು. ಮನೇಲಿ ಯಾರ್ಯಾರಿದ್ದೀರಿ ಅಂತ ಹಿಂದಿನ ದಿನ ಬಂದು ಕೇಳಿದ್ರು. ಹೇಳ್ಬಿಟ್ಟೆ."

ಜಸಿಂತಾ ಅವಳ ಪಕ್ಕಕ್ಕೆ ಹೋಗಿ ಕೂತಳು.

"ಇಷ್ಟು ವರ್ಷ ನನ್ನ ಹೊಸ್ತಿಲು ತುಳೀದೇ ಇದ್ದಿದ್ದು ಇದಕ್ಕಾ?" ಎಂದಳು. "ಆಗ ನಿನಗೆ ಹನ್ನೊಂದು ವರ್ಷ ಕಣೇ. ಕೇಳಿದ್ರು, ಹೇಳಿದೆ. ಎಳ್ಕೊಂಡು ಹೋಗಿದ್ದು ನೀನಲ್ಲ. ಕೊಂದಿದ್ದೂ ನೀನಲ್ಲ."

ಮಗ್ದಲೇನಾ ನನ್ನತ್ತ ತಿರುಗಿದಳು. "ಈ ಹೆಸರು ಯಾರ ಕೈಗೆ ಹೋಗುತ್ತೆ? ಗೊತ್ತಿದ್ದು ಹೇಳ್ತೀಯಾ, ಇಲ್ಲಾ ಹೋದ್ಸಲದ ಹಂಗೇನಾ?"

ಈ ಸಲ ಒಪ್ಪಿಗೆ ಪತ್ರವನ್ನೇ ತಂದಿದ್ದೆ. ನಮ್ಮ ಭಾಷೆಯಲ್ಲಿ ನಿಧಾನವಾಗಿ ಓದಿ ಹೇಳಿದೆ. ಎಂಜಲನ್ನು ಹೋಲಿಸುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಸೈನ್ಯಕ್ಕಾಗಲಿ ಪೊಲೀಸರಿಗಾಗಲಿ ಹೆಸರು ಕೊಡುವಂತಿಲ್ಲ. ಬೇಡವೆನಿಸಿದ ದಿನ ವಾಪಸ್ ಕೇಳಬಹುದು.

"ಅಣ್ಣ ಸಿಕ್ಕೇ ಸಿಗ್ತಾನಾ?"

"ಗೊತ್ತಿಲ್ಲ ಅಕ್ಕ. ಆದ್ರೆ ನೀನು ಕೊಡದಿದ್ರೆ, ಅವನು ಅಲ್ಲೇ ಇದ್ರೂ ನಮಗೆ ಗೊತ್ತಾಗಲ್ಲ."

ಬುಧವಾರ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದೆವು. ಮೇಜಿನ ಹಿಂದಿದ್ದ ಹುಡುಗಿ, "ಯಾರನ್ನ ಹುಡುಕ್ತಿದ್ದೀರಿ?" ಎಂದು ಕೇಳಿದಳು. ಜಸಿಂತಾ ಬಾಯಿ ತೆರೆಯುವಷ್ಟರಲ್ಲಿ ಮಗ್ದಲೇನಾ ಕೈ ಅಡ್ಡ ಹಿಡಿದಳು.

"ತಡಿ ಅತ್ತಿಗೆ. ನಾನೇ ಹೇಳ್ತೀನಿ."

ಅಣ್ಣನ ಪೂರ್ತಿ ಹೆಸರನ್ನು ಹೇಳಿದಳು. ಹುಡುಗಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.

ಉತ್ತರ ಇನ್ನೂ ಬಂದಿಲ್ಲ. ಬಂದೇ ಬರುತ್ತದೆಂದು ನಿಮಗೆ ಮಾತು ಕೊಡಲಾರೆ.

ಅಕ್ಕಂದಿರೇ, ನೀವೊಬ್ಬರೇ ಎಂಜಲು ಕೊಟ್ಟು ಕಾಯುತ್ತಾ ಕೂರಬೇಡಿ. ಕಾಣೆಯಾದವರ ತಾಯಿ, ತಂದೆ, ಮಕ್ಕಳು, ಒಡಹುಟ್ಟಿದವರು, ಯಾರು ಬದುಕಿದ್ದರೂ ಕರೆದುಕೊಂಡು ಬನ್ನಿ. ಮಾತು ಬಿಟ್ಟಿದ್ದರೆ ನೀವೇ ಮೊದಲು ಹೋಗಿ. ಪತ್ರವನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಬದುಕಿರುವ ಆ ನೆಂಟರಿಗೆ ವಯಸ್ಸಾಗುತ್ತಿದೆ. ಈ ವಾರವೇ ಹೋಗಿ.