ಫೋಟೋ ಇಲ್ಲದ ಅವ್ವ

ಸಂಘಮಿತ್ರ ಚಿತ್ರ ಬರೆದು ಬದುಕುವವಳು. ಇದನ್ನು ದೊಡ್ಡಬಳ್ಳಾಪುರದಲ್ಲಿ ಯಾರಿಗಾದರೂ ಹೇಳಿ ನೋಡಿ, 'ಅದ್ಸರಿ, ಕೆಲ್ಸ ಏನು?' ಅಂತ ಕೇಳುತ್ತಾರೆ. ಅದೇ ಕೆಲಸ ಸ್ವಾಮಿ! ದಿಲ್ಲಿಯ ಪ್ರಕಾಶಕರೊಬ್ಬರಿಗೆ ಮಕ್ಕಳ ಕಾಮಿಕ್ಸು, ಇನ್ನಾರಿಗೋ ಪಠ್ಯಪುಸ್ತಕದ ಹಸು ಕರು, ಯಾರದೋ ಲಗ್ನಪತ್ರಿಕೆಗೆ ಗಂಡು ಹೆಣ್ಣಿನ ಕಾರ್ಟೂನು. ಸಂಬಳ ಕೊಡುವ ಯಜಮಾನ ಒಬ್ಬನೂ ಇಲ್ಲ, ತಿದ್ದುವ ಯಜಮಾನರು ಹತ್ತು ಮಂದಿ. 'ಮೊಲ ಇನ್ನೂ ಸ್ವಲ್ಪ ಖುಷಿಯಾಗಿ ಕಾಣಲಿ' ಎಂದು ದಿಲ್ಲಿಯಿಂದ ನಾಲ್ಕನೇ ಸಲ ಮೆಸೇಜು ಬಂದರೆ, ಅವಳು ಕನ್ನಡಿಯ ಮುಂದೆ ಕೂತು ತಾನೇ ಹಲ್ಲು ಕಿರಿದು, ಆ ನಗುವನ್ನು ಮೊಲದ ಮುಖಕ್ಕೆ ದಾಟಿಸುತ್ತಿದ್ದಳು.

ಅವಳು ಬಾಡಿಗೆಗಿದ್ದದ್ದು ಮುನಿಲಕ್ಷ್ಮಮ್ಮನವರ ಮನೆಯ ಮಹಡಿಯಲ್ಲಿ. ಕೆಳಗೆ ಅವರ ಮಗ ಮೂರ್ತಿಯ ಆರು ಪವರ್‌ಲೂಮುಗಳು ಬೆಳಗಿನಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದವು. ಬಂದ ಹೊಸದರಲ್ಲಿ ಆ ಸದ್ದಿಗೆ ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಹೇಗೋ ಅದು ಅವಳೊಳಕ್ಕೆ ಇಳಿದುಬಿಟ್ಟಿತು. ಮಧ್ಯಾಹ್ನ ಊಟವಾಗಿ ಪೆನ್ಸಿಲ್ ಹಿಡಿದು ಕೂತರೆ ನೆಲ ಸಣ್ಣಗೆ ನಡುಗುತ್ತಾ, ಕೈ ತಾನಾಗಿ ಓಡುತ್ತಾ, ಎಚ್ಚರ ಎಲ್ಲಿ ಮುಗಿಯಿತು, ಜೊಂಪು ಎಲ್ಲಿ ಹತ್ತಿತು ಅನ್ನುವುದೇ ತಿಳಿಯುತ್ತಿರಲಿಲ್ಲ. ಅವಳು ಬರೆದ ಮಂದಿ ಹಾಳೆಯಿಂದ ಎದ್ದು ಕೋಣೆಯಲ್ಲಿ ಓಡಾಡುತ್ತಿದ್ದರು. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಅವಳಿಗೆ ತಟ್ಟನೆ ಎಚ್ಚರವಾಗುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಮುನಿಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬಂದರು.

"ಮಿತ್ರಾ, ನಮ್ಮವ್ವನ್ನ ಬರ್ಕೊಡ್ತೀಯಾ?"

"ಫೋಟೋ ಕೊಡಿ ಅಮ್ಮ, ಬರೀತೀನಿ."

"ಫೋಟೋ ಇದ್ದಿದ್ರೆ ನಿನ್ನ ಯಾಕ್ ಕೇಳ್ತಿದ್ದೆ?"

ಆಕೆಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದರು. ಆ ಕಾಲಕ್ಕೆ ಫೋಟೋ ಯಾರು ತೆಗೆಸುತ್ತಿದ್ದರು! ಗಂಡ ಮನೆಅಳಿಯನಾಗಿ ಬಂದವರಾದ್ದರಿಂದ ಈ ಮನೆಯಲ್ಲಿ ಪಿತೃಪಕ್ಷದ ಎಡೆ ಮುನಿಲಕ್ಷ್ಮಮ್ಮನ ಕಡೆಯವರಿಗೇ. ಅಪ್ಪನ ಫೋಟೋ ಇದೆ, ಗಂಡನ ಫೋಟೋ ಇದೆ, ಅವ್ವನ ಜಾಗದಲ್ಲಿ ಮಾತ್ರ ಒಂದು ಹಿತ್ತಾಳೆ ಚೊಂಬು. ಅರವತ್ತೆರಡು ವರ್ಷ ಆಕೆ ಆ ಚೊಂಬಿಗೇ ಸೀರೆ ಇಟ್ಟು ಕೈಮುಗಿದಿದ್ದರು.

"ಚೊಂಬಿಗೆ ಅವ್ವಾ ಅನ್ನಕ್ಕೆ ನಂಗೆ ಸಾಕಾಗ್ಹೋಗಿದೆ ಕಣೆ. ಈ ಸಲ ಅಮಾವಾಸ್ಯೆಗೆ ಅವಳನ್ನ ನೋಡ್ಬೇಕು. ಮುಂದಿನ ಸಲಕ್ಕೆ ನಾನಿರ್ತೀನೋ ಇಲ್ವೋ," ಎಂದರು. ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡು ಬಂದು ಆಗಿನ್ನೂ ಎರಡು ತಿಂಗಳು. "ಕಂಪ್ಯೂಟರ್ನಲ್ಲಿ ಬೇಡ, ಕೈಯಲ್ಲಿ ಬರಿ."

ಅಮಾವಾಸ್ಯೆಗೆ ಹದಿನೆಂಟು ದಿನವಿತ್ತು. ಮೊಲವನ್ನು ಪಕ್ಕಕ್ಕಿಟ್ಟು ಸಂಘಮಿತ್ರ ಮುಖಗಳನ್ನು ಬರೆಯತೊಡಗಿದಳು. ಮೂಗು ಹೀಗಿತ್ತಾ, ಹುಬ್ಬು ಕೂಡಿತ್ತಾ ಎಂದು ಕೇಳಿದರೆ ಮುನಿಲಕ್ಷ್ಮಮ್ಮ ಮಂಕಾಗಿ ನೋಡುತ್ತಿದ್ದರು. ಆ ತಾಯಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವರು ದೇವನಹಳ್ಳಿಯಲ್ಲಿದ್ದ ಸೋದರತ್ತೆ ಕದಿರಮ್ಮ ಒಬ್ಬರೇ. ಅವರಿಗೆ ಫೋನ್ ಮಾಡಿದರೆ, "ಹೆಂಗಿದ್ಳು ಅಂದ್ರೆ ಏನ್ ಹೇಳ್ಲಮ್ಮಾ, ಎಲ್ರೂ ಇದ್ದಂಗೇ ಇದ್ಳು. ಬಣ್ಣ ಎಣ್ಣೆಗೆಂಪು," ಅಂದು ಅವರು ಮಾತು ಮುಗಿಸಿದರು.

ಒಂದೊಂದೇ ಮುಖ ಕೆಳಗೆ ಹೋಯಿತು, ಒಂದೊಂದೇ ವಾಪಸ್ಸು ಬಂತು. ದಿಲ್ಲಿಯವರ ಹಾಗೆ ಮುನಿಲಕ್ಷ್ಮಮ್ಮ ಇದು ತಿದ್ದು ಅದು ತಿದ್ದು ಎನ್ನುತ್ತಿರಲಿಲ್ಲ. "ಚೆಂದಾಗವ್ಳೆ. ಆದ್ರೆ ಇವಳು ಬೇರೆಯವರ ಮನೆಯೋಳು," ಎನ್ನುತ್ತಿದ್ದರು. ಹನ್ನೆರಡು ಮುಖ ಹಾಗೆ ಬೇರೆಯವರ ಮನೆಗೆ ಹೋದವು. ಮಧ್ಯಾಹ್ನದ ಜೊಂಪಿನಲ್ಲಿ ಆ ಹನ್ನೆರಡು ಹೆಂಗಸರೂ ಸಂಘಮಿತ್ರಳ ಮೇಜಿನ ಸುತ್ತ ಕೂತು ಹೂ ಕಟ್ಟುತ್ತಿದ್ದರು. ಹದಿಮೂರನೆಯವಳು ಬಾಗಿಲಾಚೆ ನಿಂತಿರುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಕರೆಯಲು ಬಾಯಿ ತೆರೆದರೆ ಕೆಳಗೆ ಮಗ್ಗ ನಿಂತು ಎಚ್ಚರವಾಗುತ್ತಿತ್ತು. ಸಂಘಮಿತ್ರಳಿಗೆ ಅಳು ಬಂದದ್ದೂ ಉಂಟು.

ಕಾಮಿಕ್ಸ್ ಬರೆಯುವವರಿಗೆ ಒಂದು ಅಭ್ಯಾಸವಿದೆ. ಒಂದು ಚೌಕ ತುಂಬುವ ಮುಂಚೆ, ಇದನ್ನು ನೋಡುವವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತುಮಾಡಿಕೊಳ್ಳುತ್ತಾರೆ. ಮಾಳಿಗೆ ಮೇಲೋ, ಮೇಜಿನ ಕೆಳಗೋ, ದೂರದ ಮರದ ಹತ್ತಿರವೋ. ಮೊಲಕ್ಕೆ ದಿನಾ ಮಾಡುವ ಈ ಕೆಲಸವನ್ನು ಇಷ್ಟು ದಿನ ಈ ಅವ್ವನಿಗೆ ಮಾಡಿರಲೇ ಇಲ್ಲ, ನೋಡಿ ಅವಳ ಬುದ್ಧಿ! ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಅದು ಹೊಳೆದು ಅವಳು ದಡದಡನೆ ಕೆಳಗಿಳಿದು ಬಂದಳು.

"ಅಮ್ಮಾ, ಮುಖ ಬಿಟ್ಹಾಕಿ. ನೀವು ಎಲ್ಲಿದ್ರಿ?"

ಬೆಳ್ಳುಳ್ಳಿ ಸುಲಿಯುತ್ತಿದ್ದ ಮುನಿಲಕ್ಷ್ಮಮ್ಮನ ಕೈ ನಿಂತಿತು.

"ಸೊಂಟದ ಮೇಲೆ," ಎಂದರು ಮೆಲ್ಲಗೆ. "ಅವ್ವನ ಎಡಗಡೆ ಸೊಂಟದ ಮೇಲೆ. ಕೆರೆ ಏರಿ ಮೇಲೆ ಹೋಗ್ತಿದ್ವಿ. ತಲೆ ಮೇಲೆ ಹುಲ್ಲಿನ ಹೊರೆ. ನಾನು ಅವಳ ಹೆಗಲಿಂದ ಹಿಂದಕ್ಕೆ ನೋಡ್ತಿದ್ದೆ. ಮಾಕಳಿದುರ್ಗದ ಬೆಟ್ಟ ಸಣ್ಣದಾಗ್ತಾ ಆಗ್ತಾ ಹೋಯ್ತು. ಕಿವಿಗೆ ಓಲೆ ಇರ್ಲಿಲ್ಲ, ಬರೀ ತೂತು. ಅದ್ರಲ್ಲಿ ಬೇವಿನ ಕಡ್ಡಿ. ಹರಳೆಣ್ಣೆ ವಾಸನೆ."

ಸಂಘಮಿತ್ರ ಬಣ್ಣ ಕಲಸಿ ಬರೆದಳು. ಏರಿಯ ಮೇಲೆ ನಮಗೆ ಬೆನ್ನು ಮಾಡಿ ನಡೆದುಹೋಗುತ್ತಿರುವ ಹೆಂಗಸು, ಹುಲ್ಲಿನ ಹೊರೆ, ಕಿವಿಯ ಕಡ್ಡಿ, ಎಡಕ್ಕೆ ವಾಲಿದ ಸೊಂಟ. ಸುತ್ತಿ ಹಿಡಿದ ತೋಳಿನೊಳಗೆ, ಹೆಗಲ ಮೇಲಿಂದ ನಮ್ಮನ್ನೇ ನೋಡುವ ಪುಟ್ಟ ಹುಡುಗಿ. ಆ ಹುಡುಗಿಯ ಮುಖಕ್ಕೆ ಕಷ್ಟವಾಗಲಿಲ್ಲ, ಮುನಿಲಕ್ಷ್ಮಮ್ಮನ ಮುಖವನ್ನೇ ಚಿಕ್ಕದು ಮಾಡಿದಳು.

ಮುನಿಲಕ್ಷ್ಮಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಇವಳೇ," ಎಂದರು. "ತಿರುಗಿದ್ರೆ ಮುಖ ಕಾಣ್ಸುತ್ತೆ." ಮೂರ್ತಿ ಅಂದೇ ಪೇಟೆಗೆ ಹೋಗಿ ಫ್ರೇಮು ಹಾಕಿಸಿದ. ಸಂಘಮಿತ್ರ ಆ ರಾತ್ರಿ ಹೊಟ್ಟೆ ತುಂಬ ಉಂಡಳು.

ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜಾ. ಮನೆಯೆಲ್ಲ ವಡೆ, ಕೋಳಿಸಾರು, ಸಾಂಬ್ರಾಣಿ ಹೊಗೆ. ಹೊಗೆಯೊಳಗೆ ಹಿರಿಯರು ಸಾಲಾಗಿ ಕೂತಿದ್ದರು. ಅಪ್ಪ, ಗಂಡ, ಅವರ ಪಕ್ಕದಲ್ಲಿ ಮೊಟ್ಟಮೊದಲ ಸಲ ಅವ್ವ. ಮುಂದೆ ಮನೆಯ ಮಗ್ಗದಲ್ಲೇ ನೇಯ್ದ ಹೊಸ ಸೀರೆ. ಕದಿರಮ್ಮ ದೇವನಹಳ್ಳಿಯಿಂದ ಕ್ಯಾಬ್‌ನಲ್ಲಿ ಬಂದಿಳಿದು, ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರಕ್ಕೆ ಬಗ್ಗಿದರು.

"ಇವಳ ನಡಿಗೆ ಹಿಂಗೇ ಇತ್ತು," ಎಂದರು. ಆಮೇಲೆ ಅವರ ಬೆರಳು ಗಾಜಿನ ಮೇಲೆ ನಿಂತಿತು. "ಈ ಮಗು ಯಾರು?"

"ನಾನೇ ಅತ್ತೆ."

"ನಿಂಗೇನ್ ಬುದ್ಧಿಗಿದ್ಧಿ ಕೆಟ್ಟಿದ್ಯಾ? ಬದುಕಿರೋಳನ್ನ ತಗೊಂಡ್ಹೋಗಿ ಸತ್ತೋರ ಸಾಲಲ್ಲಿ ಕೂರ್ಸಿದ್ದೀಯಲ್ಲೇ."

ಮೂರ್ತಿ ಹಾರ ಹಿಡಿದಿದ್ದವನು ಹಾಗೇ ನಿಂತ. ಸಂಘಮಿತ್ರಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಅವಳ ಮನೆಯಲ್ಲೂ ಬದುಕಿರುವವರ ಪಟಕ್ಕೆ ಹಾರ ಹಾಕುವುದಿಲ್ಲ. ಚಿತ್ರ ಚೆನ್ನಾಗಿ ಬರಲಿ ಎನ್ನುವ ಧ್ಯಾನದಲ್ಲಿ, ಮೊನ್ನೆಯಷ್ಟೇ ಎದೆಗೆ ಸ್ಟೆಂಟು ಹಾಕಿಸಿಕೊಂಡ ಜೀವವನ್ನು ತಾನೇ ಎಡೆಯ ಮುಂದೆ ಇಟ್ಟಿದ್ದಳು.

"ತೆಗೀರಿ ಅದನ್ನ. ಚೊಂಬೇ ಇಡೋಣ," ಎಂದ ಮೂರ್ತಿ.

"ಚೊಂಬು ಇಡಲ್ಲ," ಎಂದರು ಮುನಿಲಕ್ಷ್ಮಮ್ಮ. ಫ್ರೇಮನ್ನು ಎತ್ತಿ ಸಂಘಮಿತ್ರಳ ಕೈಗೆ ಕೊಟ್ಟರು. "ನನ್ನ ಅಳಿಸಿಬಿಡು ನಡಿ."

ಮಹಡಿಯಲ್ಲಿ ಗಾಜು ಬಿಚ್ಚಿ ಸಂಘಮಿತ್ರ ಕುಂಚ ಹಿಡಿದಳು. ಕೆಳಗೆ ಸದ್ದಿಲ್ಲ, ನೆಲ ನಡುಗುತ್ತಿಲ್ಲ, ಕೈಗೆ ಆಸರೆಯೇ ಇಲ್ಲದ ಹಾಗಾಯಿತು. ಮೊದಲು ಮಗುವಿನ ಪಾದಗಳ ಮೇಲೆ ಸೀರೆಯ ಬಣ್ಣ ಎಳೆದಳು. ಆಮೇಲೆ ಪುಟ್ಟ ಕೈ ಆಕಾಶವಾಯಿತು. ಕೊನೆಯಲ್ಲಿ ಮುಖ ಹೋಯಿತು. ಬೆನ್ನ ಹಿಂದೆ ನಿಂತ ಮುನಿಲಕ್ಷ್ಮಮ್ಮ ತಮ್ಮ ಮುಖ ಅಳಿಯುವುದನ್ನು ರೆಪ್ಪೆ ಬಡಿಯದೆ ನೋಡಿದರು. ಚಿತ್ರದಲ್ಲಿ ಈಗ ಒಬ್ಬಳೇ ಹೆಂಗಸು. ಆದರೆ ಸೊಂಟ ಇನ್ನೂ ಎಡಕ್ಕೆ ವಾಲಿತ್ತು, ತೋಳು ಏನನ್ನೋ ಸುತ್ತಿ ಹಿಡಿದೇ ಇತ್ತು.

"ತೋಳೊಳಗೆ ಒಂದು ಬಿಂದಿಗೆ ಬರೀತೀನಿ ಅಮ್ಮ. ಇಲ್ಲಾಂದ್ರೆ ಖಾಲಿ ಕಾಣ್ಸುತ್ತೆ."

"ಬೇಡ. ಆ ಜಾಗ ನಂದು."

ಸಂಘಮಿತ್ರ ತಿರುಗಿ ನೋಡಿದಳು.

"ನಾನು ಹೋದ್ಮೇಲೆ ಮೂರ್ತಿ ಇದನ್ನ ನಿನ್ಹತ್ರ ತರ್ತಾನೆ. ಆಗ ಬರಿ," ಎಂದರು ಮುನಿಲಕ್ಷ್ಮಮ್ಮ. "ಅಲ್ಲೀಗಂಟ ಅವ್ವ ಕೈ ಹಂಗೇ ಇಟ್ಕೊಂಡಿರ್ಲಿ. ಇಷ್ಟು ವರ್ಷ ಇಟ್ಕೊಂಡಿಲ್ವಾ."

ಮತ್ತೆ ಗಾಜು ಹಾಕಲು ಆಕೆ ಬಿಡಲಿಲ್ಲ. ಬಣ್ಣ ಇನ್ನೂ ಹಸಿಯಾಗಿತ್ತು, ಎಡೆಯ ಹೊತ್ತು ಮೀರುತ್ತಿತ್ತು. ಆಕೆ ಫ್ರೇಮನ್ನು ಎತ್ತಿ ತಮ್ಮ ಎಡಸೊಂಟದ ಮೇಲೆ ಕೂರಿಸಿಕೊಂಡು, ತೋಳು ಸುತ್ತಿ ಭದ್ರವಾಗಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು.