ಬಂಗಲೆಯ ಕಾಲುದಾರಿ

ಗೇಟಿನ ಅಗುಳಿ ತೆಗೆದು ಕಾವಲುಗಾರ ಹನುಮಂತಪ್ಪ ಪಕ್ಕಕ್ಕೆ ಸರಿದ. "ಸಾಹೇಬ್ರು ವಾಕಿಂಗ್ ಬರೋಕೆ ಇನ್ನೂ ಹೊತ್ತೈತೆ. ಬಿರ್‍ರನೆ ದಾಟಿಸ್ಬಿಡ್ರಪ್ಪಾ. ನಾನು ನೋಡೇ ಇಲ್ಲ."

ಚಟ್ಟದ ಮೇಲೆ ಚಿಕ್ಕಬೀರಪ್ಪ ಮಲಗಿದ್ದ. ಹನ್ನೆರಡು ವರ್ಷ ಇದೇ ಗೇಟು ಕಾದವನು, ಇದೇ ದಾರಿ ಗುಡಿಸಿದವನು. ಅವನ ಹೆಂಡತಿ ಲಿಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಗಂಡನ ಹೆಣ ಈ ದಾರಿಯಲ್ಲಿ ಸಲೀಸಾಗಿ ಮಸಣ ಸೇರಿದರೆ ಸಾಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಮುಂದೆ ಹೆಗಲು ಕೊಟ್ಟಿದ್ದ ಸಿದ್ದಪ್ಪ ಹೆಜ್ಜೆ ಎತ್ತಲಿಲ್ಲ. "ನಮ್ಮವ್ವ ಹೋಗ್ದಿರೋ ದಾರೀಲಿ ಇವ್ನು ಹೋಗಂಗಿಲ್ಲ."

*

ಲಿಂಗದಹಳ್ಳಿಯ ಹಿಂದಿನ ಗುಡ್ಡದಲ್ಲಿ ಬಂಗಲೆ ಎದ್ದಾಗ, ಅತಿಥಿಗಳು ತಿರುಗಾಡಲು ಚೆಂದದ ದಾರಿ ಬೇಕೆಂದರು ಸಾಹೇಬರು. ಚಿಕ್ಕಬೀರಪ್ಪ ತೋರಿಸಿದ್ದು ಊರವರು ಹೆಣ ಹೊರುವ ದಾರಿಯನ್ನು. ಹೊತ್ತವರ ಹೆಗಲು ನೋಯದಿರಲೆಂದು ಹಿರಿಯರು ಏರು ನೋಡಿ, ನೆರಳು ನೋಡಿ ಮಾಡಿದ್ದು. ಅದಕ್ಕಿಂತ ಹಿತವಾದ ದಾರಿ ಸುತ್ತಿನಲ್ಲಿ ಎಲ್ಲಿತ್ತು? ನಡುದಾರಿಯಲ್ಲಿ ಹೆಣ ಇಳಿಸಿ ದಿಕ್ಕು ತಿರುಗಿಸುತ್ತಿದ್ದ ಕಲ್ಲಿನ ಮೇಲೆ ದೊರೆಸಾನಿಯರು ಕೂತು ಕಣಿವೆ ನೋಡಿದರು. ಊರವರು ಬಾರದಂತೆ ದಾರಿಗೆ ಗೇಟು ಬಿತ್ತು; ಇವನಿಗೆ ಕಾವಲುಗಾರನ ಕೆಂಪು ರುಮಾಲು ಸಿಕ್ಕಿತು.

"ನಾಳೆ ನಾವು ಸತ್ರೆ ಎತ್ಲಾಗಿಂದ ಹೊರ್ತಾರೆ?" ಎಂದು ಲಿಂಗಮ್ಮ ಕೇಳಿದ್ದಳು.

"ನನ್ನ ಯಾವನ್ ತಡೀತಾನೆ ಕಣೇ?"

ಊರವರನ್ನು ತಡೆದವನು ಅವನೇ. ಸಿದ್ದಪ್ಪನ ತಾಯಿಯ ಹೆಣ ಬಂದ ದಿನ ಬಂಗಲೆಯಲ್ಲಿ ನರಪಿಳ್ಳೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ರುಮಾಲು ಸುತ್ತಿಕೊಂಡು ಗೇಟಿಗೆ ಬೆನ್ನು ಕೊಟ್ಟು ನಿಂತ. ಹೊತ್ತವರು ಹಳ್ಳದ ದಾರಿ ಹಿಡಿಯಬೇಕಾಯಿತು. ಪಾಚಿಬಂಡೆಯ ಮೇಲೆ ಅವರ ಕಾಲು ಜಾರಿ, ಮುದುಕಿ ಚಟ್ಟದಿಂದ ಉರುಳಿ ನೀರಿಗೆ ಬಿದ್ದಳು.

*

"ಸತ್ತೋನ್ ಮ್ಯಾಲೆ ಏನ್ ಹಗೆ ಸಿದ್ದಪ್ಪಾ?" ಎಂದ ಹನುಮಂತಪ್ಪ.

"ಹಗೆ ಇದ್ದಿದ್ರೆ ಹೆಗಲು ಕೊಡೋಕೇ ಬತ್ತಿರಲಿಲ್ಲ ಕಣಣ್ಣಾ. ಹೊರ್ತೀನಿ. ಹಳ್ಳದಾಗೇ ಹೊರ್ತೀನಿ."

ಎಲ್ಲರೂ ಲಿಂಗಮ್ಮನ ಮುಖ ನೋಡಿದರು. ಅವಳು ಕಾಲು ಹಿಡಿದಿದ್ದರೆ ಸಿದ್ದಪ್ಪ ಕರಗುತ್ತಿದ್ದನೇನೋ. ಬಾಯಿ ತೆರೆದವಳಿಗೆ ಅವತ್ತು ಮುದುಕಿಯ ಹೆಣದ ಹಿಂದೆ ತಾನೂ ಬಂದಿದ್ದು, ಗಂಡನಿಗೆ ಒಂದು ಮಾತೂ ಹೇಳದೆ ನಿಂತಿದ್ದು ನೆನಪಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಹಳ್ಳಕ್ಕೇ ಇಳಿಸ್ರಪ್ಪಾ," ಎಂದಳು.

ಬಂಡೆ ದಾಟಿ ಆಚೆ ದಡ ಏರುವಾಗ ಕಟ್ಟು ಸಡಿಲವಾಗಿ ಹೆಣ ಹಿಂದಕ್ಕೆ ಜಾರತೊಡಗಿತು. ಮೇಲಿನ ದಾರಿಯಿಂದ ನಗು ಕೇಳಿಸಿತು. ಬಂಗಲೆಯವರು ತಿರುಗಾಡಲು ಬಂದಿದ್ದರು. ಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಬಿರುಕುಬಿಟ್ಟ ಹಿಮ್ಮಡಿಗಳಿಗೆ ಎರಡೂ ಅಂಗೈ ಕೊಟ್ಟು, ಅವನನ್ನು ಮೇಲಕ್ಕೆ ತಳ್ಳತೊಡಗಿದಳು.