ಮೂರು ತಿಂಗಳು ಮಾತ್ರ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಅಕ್ಕನ ಹೃದಯದ ಎರಡು ಕವಾಟಗಳು ಕೆಟ್ಟಿವೆ ಎಂದು ಡಾಕ್ಟರಮ್ಮ ಹೇಳಿದರು. ಅವು ದಪ್ಪಗಾಗಿವೆ, ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ. ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ಮೇಜಿನ ಮೇಲಿನ ರಿಪೋರ್ಟನ್ನು ತಲೆಕೆಳಗಾಗಿಯೇ ಓದಿ ಮುಗಿಸಿದ್ದ. ಇಪ್ಪತ್ತೆರಡು ವರ್ಷದಿಂದ ಔಷಧದ ಅಂಗಡಿ ನಡೆಸುವವನು. ಮನೆಯಲ್ಲಿ ಅವನಿಗೆ ‘ಅರ್ಧ ಡಾಕ್ಟರ್’ ಎಂದು ಹೆಸರಿಟ್ಟವಳೇ ಅಕ್ಕ.

“ಚಿಕ್ಕವರಿದ್ದಾಗ ಜ್ವರ ಬಂದು ಕೀಲು ಊದಿತ್ತಾ?”

“ಬಂದಿದ್ರೂ ಬಂದಿರಬಹುದು ಮೇಡಂ. ನಮ್ಮಮ್ಮ ಎಲ್ಲ ಜ್ವರಾನೂ ಸ್ಕೂಲ್ ತಪ್ಪಿಸೋ ನಾಟಕ ಅಂತಿದ್ರು.”

ಡಾಕ್ಟರಮ್ಮ ನಕ್ಕರು. “ಆ ಜ್ವರದ್ದೇ ಇರಬೇಕು. ಹಾಗಿದ್ರೆ ಮೂರು ವಾರಕ್ಕೊಂದು ಇಂಜೆಕ್ಷನ್ ಬೇಕು. ಬೇರೆ ಮಾತ್ರೆ ಏನಾದ್ರೂ ತಗೋತೀರಾ?”

“ತಲೆನೋವಿಗೆ ಒಂದು. ಎಲ್ಲೋ ಅಪರೂಪಕ್ಕೆ.”

ಅದು ಸುಳ್ಳೆಂದು ತಮ್ಮನಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಅರೆತಲೆನೋವಿಗೆ ಬೇರೊಬ್ಬ ಡಾಕ್ಟರು ಬರೆದುಕೊಟ್ಟ ಆ ಮಾತ್ರೆಯ ಚೀಟಿಯಲ್ಲಿ ‘ಮೂರು ತಿಂಗಳು ಮಾತ್ರ, ಆಮೇಲೆ ಬಂದು ತೋರಿಸಿ’ ಎಂದು ಬರೆದು ಅಡಿಗೆರೆ ಎಳೆದಿತ್ತು. “ಅಲ್ಲಿ ಹೋಗಿ ಸಾಲಲ್ಲಿ ಕೂತ್ರೆ ಒಂದು ದಿನದ ಹೊಲಿಗೆ ಹೋಯ್ತು, ನೀನೇ ಕೊಡೋ” ಎಂದಿದ್ದಳು ಅಕ್ಕ. ಕೊಟ್ಟ. ಕೊಡುತ್ತಲೇ ಹೋದ. ಬಹಳ ದಿನ ತಗೊಂಡರೆ ಹೃದಯದ ಕವಾಟ ಕೆಡಬಹುದು ಎಂಬ ಮಾತು ಮಾತ್ರೆಯ ಪೆಟ್ಟಿಗೆಯೊಳಗಿನ ಕಾಗದದಲ್ಲೇ ಇತ್ತು. ಅಕ್ಕ ಸುಮ್ಮನೆ ಹೆದರುತ್ತಾಳೆ ಎಂದು ಪ್ರತಿ ಸಲವೂ ಆ ಕಾಗದ ತೆಗೆದಿಟ್ಟುಕೊಂಡೇ ಪೆಟ್ಟಿಗೆ ಕೊಡುತ್ತಿದ್ದ. ಅದರ ಅಂಚಿನಲ್ಲಿ ಅಂಗಡಿಗೆ ತರಿಸಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದ.

ಮೇಜಿನ ಕೆಳಗೆ ಅಕ್ಕ ಅವನ ಕಾಲು ತುಳಿದಳು. ಲೈಸೆನ್ಸ್ ಹೋಗುತ್ತೆ, ಸುಮ್ಮನಿರು ಎಂದು ಅದರ ಅರ್ಥ. ಡಾಕ್ಟರಮ್ಮ ಆಗಲೇ ಇಂಜೆಕ್ಷನ್ ಬರೆಯತೊಡಗಿದ್ದರು. ಸುಮ್ಮನಿದ್ದರೆ ಇಲ್ಲದ ರೋಗಕ್ಕೆ ಇಂಜೆಕ್ಷನ್ ಚುಚ್ಚುತ್ತ ಹೋಗುತ್ತಾರೆ.

“ಅಪರೂಪಕ್ಕಲ್ಲ ಮೇಡಂ. ದಿನಕ್ಕೆರಡು. ಆರು ವರ್ಷ.” ಮಾತ್ರೆಯ ಹೆಸರನ್ನೂ ಹೇಳಿದ.

ಪೆನ್ನು ನಿಂತಿತು. “ಅಷ್ಟು ವರ್ಷ ಚೀಟಿ ಯಾರು ಬರೆದ್ರು?”

“ಚೀಟಿ ಇಲ್ಲ. ನಾನೇ ಕೊಟ್ಟೆ.”

“ನೀವು ಯಾರು?”

ತಮ್ಮ ಎನ್ನಲು ಬಾಯಿ ಬರಲಿಲ್ಲ. “ಔಷಧದ ಅಂಗಡಿಯವನು” ಎಂದ.

“ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನೋ ನಿಂಗೆ?” ಅಕ್ಕ ಗದರಿ, ಡಾಕ್ಟರಮ್ಮನತ್ತ ತಿರುಗಿದಳು. “ನಾನು ಕೇಳಿದೆ, ಅವನು ಕೊಟ್ಟ. ಇದರಲ್ಲಿ ಅವನ ತಪ್ಪೇನಿದೆ ಮೇಡಂ?”

ಅಕ್ಕ ಬೈದಿದ್ದನ್ನು ಅವನು ತಡೆದುಕೊಂಡಿದ್ದ. ವಹಿಸಿಕೊಂಡು ಮಾತಾಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

“ಇದನ್ನ ನಾನು ಔಷಧ ಇಲಾಖೆಗೆ ಬರೆದು ಕಳಿಸಬೇಕಾಗುತ್ತೆ” ಎಂದರು ಡಾಕ್ಟರಮ್ಮ, ಇಂಜೆಕ್ಷನ್ನಿನ ಸಾಲಿನ ಮೇಲೆ ಗೆರೆ ಹೊಡೆಯುತ್ತ.

“ಬರೀರಿ” ಎಂದ.

ಮಾತ್ರೆ ಅಂದೇ ನಿಂತಿತು. ಅಂಗಡಿಯ ಬಾಗಿಲು ಎರಡು ತಿಂಗಳು ಮುಚ್ಚಿತ್ತು. ಹದಿನಾಲ್ಕು ತಿಂಗಳ ನಂತರ ಅಕ್ಕನ ಒಂದು ಕವಾಟವನ್ನು ಬದಲಾಯಿಸಿದರು.